ಸ್ವರಕಾವ್ಯ: ಕಾರ್ಟೂನ್ ಪಾತ್ರಗಳಿಗೆ ನಾದರೂಪ

ಕಥೆ, ಕವಿತೆ ಅಥವಾ ಪಾತ್ರವೊಂದನ್ನು ಮಾತಿನ ನೆರವಿಲ್ಲದೆ ವಾದ್ಯವೃಂದದಿಂದಲೇ ಚಿತ್ರಿಸುವ ಪಾಶ್ಚಾತ್ಯ ಶಾಸ್ತ್ರೀಯ ಕೃತಿಗೆ ಟೋನ್ ಪೊಯೆಮ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ಸ್ವರಕಾವ್ಯ ಎನ್ನಬಹುದು. ಹಂಗೇರಿಯ ಫ್ರಾಂಜ್ ಲಿಸ್ಟ್ 19ನೇ ಶತಮಾನದ ಮಧ್ಯಭಾಗದಲ್ಲಿ ಈ ಪ್ರಕಾರಕ್ಕೆ ರೂಪ ಕೊಟ್ಟರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಅದನ್ನು ವಿಸ್ತರಿಸಿದರು.

ಸಂಗೀತದಿಂದಲೇ ಪಾತ್ರದ ಸ್ವಭಾವವನ್ನು ಅರಿಯುವುದು ಮಹಾಲಿಂಗಪುರ, ಮುಧೋಳ, ಜಮಖಂಡಿ ಸೀಮೆಯ ಪ್ರೇಕ್ಷಕರಿಗೆ ಹೊಸತಲ್ಲ. ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆಯ ಗರ್ವ, ಮುನಿಸುಗಳು ಹಾಡಿನಲ್ಲಿಯೇ ವ್ಯಕ್ತವಾಗುತ್ತವೆ. ಆದರೆ ಅಲ್ಲಿ ಸಾಹಿತ್ಯವಿದೆ, ವೇಷವಿದೆ. ಸ್ವರಕಾವ್ಯಕ್ಕೆ ಇವೆರಡರ ಆಸರೆಯೂ ಇಲ್ಲ. ಟಿ.ವಿ.ಯ ಕಾರ್ಟೂನ್ ಪಾತ್ರವನ್ನು ಆಧರಿಸಿ ಇಂಥ ಕೃತಿ ರಚಿಸುವವರ ಮುಂದಿರುವ ಸವಾಲು ಇದೇ: ಪರದೆ ಆರಿದ ಮೇಲೂ ಪಾತ್ರ ಕಿವಿಯಲ್ಲಿ ಉಳಿಯಬೇಕು.

ಪೊರಕೆಯ ಪಾಠ

ಫ್ರಾನ್ಸಿನ ಪಾಲ್ ಡ್ಯೂಕಾಸ್ 1897ರಲ್ಲಿ ರಚಿಸಿದ ‘ದಿ ಸಾರ್ಸರರ್ಸ್ ಅಪ್ರೆಂಟಿಸ್’ ಇದಕ್ಕೆ ಉತ್ತಮ ನಿದರ್ಶನ. ಗುರುವಿಲ್ಲದ ವೇಳೆ ಶಿಷ್ಯನು ಮಂತ್ರ ಹಾಕಿ ಪೊರಕೆಯಿಂದ ನೀರು ಹೊರಿಸುವ ಈ ಕಥೆ ಗಯಟೆಯ ಕವನದ್ದು. ಪೊರಕೆಯ ಕುಂಟು ನಡಿಗೆಯನ್ನು ಬಸೂನ್ ವಾದ್ಯ ನುಡಿಸುತ್ತದೆ. ಶಿಷ್ಯನು ಪೊರಕೆಯನ್ನು ಸೀಳಿದಾಗ ಕ್ಷಣಕಾಲ ಮೌನ. ನಂತರ ಅದೇ ಧಾಟಿ ಮೆಲ್ಲನೆ ಮೇಲೇಳುತ್ತದೆ, ಒಂದು ವಾದ್ಯದ ಬೆನ್ನಿಗೆ ಇನ್ನೊಂದು ಸೇರುತ್ತದೆ. ಒಂದು ಪೊರಕೆ ಎರಡಾಯಿತೆಂಬುದು ಹೇಳದೆಯೇ ತಿಳಿಯುತ್ತದೆ. 1940ರ ವಾಲ್ಟ್ ಡಿಸ್ನಿ ಚಿತ್ರ ‘ಫ್ಯಾಂಟಸಿಯಾ’ದಲ್ಲಿ ಆ ಶಿಷ್ಯನಾದದ್ದು ಮಿಕ್ಕಿ ಮೌಸ್. ಇಲ್ಲಿ ಸಂಗೀತ ಮೊದಲು, ಚಿತ್ರ ಅನಂತರ.

ಪಕ್ಕದ ಕೋಣೆಯ ಟಿ.ವಿ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿದವರು ಅಮೆರಿಕದ ಜಾನ್ ಆಡಮ್ಸ್. ಅವರು ಷೋನ್‌ಬರ್ಗ್‌ನ ಕ್ಲಿಷ್ಟ ಕೃತಿಯೊಂದನ್ನು ಅಭ್ಯಸಿಸುತ್ತಿದ್ದಾಗ, ಪಕ್ಕದ ಕೋಣೆಯಲ್ಲಿ ಏಳು ವರ್ಷದ ಮಗ ಹಳೆಯ ಕಾರ್ಟೂನ್‌ಗಳನ್ನು ನೋಡುತ್ತಿದ್ದ. ಎರಡೂ ನಾದಗಳು ಮನಸ್ಸಿನಲ್ಲಿ ಬೆರೆತು 1992ರಲ್ಲಿ ‘ಚೇಂಬರ್ ಸಿಂಫನಿ’ ರೂಪುಗೊಂಡಿತು. ಅದು ಸ್ವರಕಾವ್ಯವಲ್ಲ, 15 ವಾದಕರ, ಮೂರು ಭಾಗಗಳ ಕೃತಿ. ಕೊನೆಯ ಭಾಗದ ಹೆಸರು ‘ರೋಡ್‌ರನ್ನರ್’. ಮಕ್ಕಳ ಗದ್ದಲವೆಂದು ಬಾಗಿಲು ಮುಚ್ಚಿದ್ದರೆ ಈ ಕೃತಿ ಹುಟ್ಟುತ್ತಿರಲಿಲ್ಲ.

ರಚನೆಯ ಕ್ರಮ

ಪ್ರತಿ ಪಾತ್ರಕ್ಕೂ ಗುರುತಿಸಬಲ್ಲ ಚಿಕ್ಕ ಸ್ವರಗುಚ್ಛ ಹಾಗೂ ಒಪ್ಪುವ ವಾದ್ಯವನ್ನು ಆರಿಸುವುದು ಮೊದಲ ಹೆಜ್ಜೆ. ಪಾತ್ರ ಸೋತಾಗ, ಗೆದ್ದಾಗ, ಬೆದರಿದಾಗ ಅದೇ ಗುಚ್ಛದ ಲಯ, ಶ್ರುತಿ, ವಾದ್ಯಗಳು ಬದಲಾಗಬೇಕು. ಪ್ರತಿ ಜಿಗಿತಕ್ಕೂ ಒಂದೊಂದು ಸದ್ದು ಜೋಡಿಸಿದರೆ ಅದು ಹಿನ್ನೆಲೆ ಸಂಗೀತವಾದೀತೇ ಹೊರತು ಕಾವ್ಯವಾಗದು.

ಕಾರ್ಟೂನ್‌ನ ಶೀರ್ಷಿಕೆ ಗೀತೆಯ ಧಾಟಿಯನ್ನೇ ಬಳಸುವುದಾದರೆ ಹಕ್ಕುದಾರರ ಅನುಮತಿ ಪಡೆಯುವುದು ಅವಶ್ಯ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಂಗೀತ ಕೃತಿಯ ಹಕ್ಕು ಸಾಮಾನ್ಯವಾಗಿ ರಚನಕಾರರ ನಿಧನಾನಂತರ 60 ವರ್ಷ ಉಳಿಯುತ್ತದೆ. ಪಾತ್ರದ ಸ್ವಭಾವವನ್ನು ಮಾತ್ರ ಗ್ರಹಿಸಿ ಸ್ವಂತ ಧಾಟಿ ಕಟ್ಟುವುದೇ ಕಲೆಗೂ ಕಾನೂನಿಗೂ ಲೇಸು.