ವಾರಕ್ಕೆ ಮೂರು ದಿನದ ಮಾತ್ರೆ

ಇವತ್ತಿನ ಕಥೆ ಶುರುವಾಗೋದು ಸಾಗರದ ಹತ್ತಿರದ ವರದಹಳ್ಳಿಯಲ್ಲಿ, ನಮ್ಮನೆ ಅಡುಗೆಮನೆ ಕ್ಯಾಲೆಂಡರಿನಿಂದ. ಅದರಲ್ಲಿ ಪ್ರತಿ ಸೋಮವಾರ, ಮಂಗಳವಾರ, ಬುಧವಾರಕ್ಕೆ ಪೆನ್ಸಿಲ್ಲಿನ ಸುತ್ತು. ರಕ್ತದ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೀತಿರೋ ನನ್ನ ಅಕ್ಕನ ಮಗ ಆ ಮೂರು ದಿನ ಒಂದು ಮಾತ್ರೆ ನುಂಗಬೇಕು. ಅಜ್ಜಿಯದ್ದು ಒಂದೇ ಪ್ರಶ್ನೆ: "ಕೆಮ್ಮಿಲ್ಲ, ಜ್ವರ ಇಲ್ಲ, ಮತ್ತೆ ಇದು ಯಾಕೆ?" ನನಗೂ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದರೆ ನೂರು ವರ್ಷಕ್ಕೂ ಹಳೆಯ ಕಥೆ ಸಿಕ್ಕಿತು.

1909ರಲ್ಲಿ ಬ್ರೆಜಿಲ್‌ನ ಕಾರ್ಲೋಸ್ ಷಾಗಾಸ್ ಪ್ರಾಣಿಗಳ ಶ್ವಾಸಕೋಶದಲ್ಲಿ ಒಂದು ಸೂಕ್ಷ್ಮಜೀವಿ ಕಂಡರು. ತಾವು ಅಧ್ಯಯನ ಮಾಡ್ತಿದ್ದ ಪರಾವಲಂಬಿಯದ್ದೇ ಇನ್ನೊಂದು ರೂಪ ಅಂದುಕೊಂಡರು. 1912ರಲ್ಲಿ ಪ್ಯಾರಿಸ್‌ನ ಡೆಲಾನೊ ದಂಪತಿ ಅದು ಬೇರೆಯದೇ ಜೀವಿ ಎಂದು ತೋರಿಸಿದರು. ಹೆಸರು ನ್ಯೂಮೋಸಿಸ್ಟಿಸ್. ಮನುಷ್ಯರಿಗೆ ಇದರಿಂದ ಏನಾಗುತ್ತೆ ಅಂತ ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಯುರೋಪಿನ ಅನಾಥಾಲಯಗಳಲ್ಲಿ ಹಸುಗೂಸುಗಳು ಉಸಿರಾಡಲಾಗದೆ ಸಾಯತೊಡಗಿದವು. ಅವಧಿಗೆ ಮುನ್ನ ಹುಟ್ಟಿದವು, ಹೊಟ್ಟೆಗಿಲ್ಲದೆ ಸೊರಗಿದವು. 1952ರಲ್ಲಿ ಚೆಕೊಸ್ಲೊವಾಕಿಯಾದ ವಾನೆಕ್ ಮತ್ತು ಯೀರೋವೆಟ್ಸ್ ಈ ನ್ಯುಮೋನಿಯಾಕ್ಕೆ ನ್ಯೂಮೋಸಿಸ್ಟಿಸ್ ಕಾರಣ ಎಂದರು. ನೋಡಿ, ಗಟ್ಟಿ ಮಕ್ಕಳ ಮೈಗೂ ಇದು ಸಣ್ಣ ವಯಸ್ಸಿನಲ್ಲೇ ಬಂದು ಹೋಗಿರುತ್ತೆ, ಗೊತ್ತೇ ಆಗಲ್ಲ. ಮೈ ಸೋತಾಗ ಮಾತ್ರ ಮೇಲೇಳುತ್ತೆ. ಇದನ್ನೇ ಅವಕಾಶವಾದಿ ಸೋಂಕು ಅನ್ನೋದು.

ಆಮೇಲೆ ಕ್ಯಾನ್ಸರ್ ಔಷಧಿಗಳು ಬಂದವು. ಅವು ಕ್ಯಾನ್ಸರಿನ ಜೊತೆ ಮಗುವಿನ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುತ್ತವೆ. ಕ್ಯಾನ್ಸರ್ ಹಿಡಿತಕ್ಕೆ ಬಂದ ಮಕ್ಕಳೂ ಈ ನ್ಯುಮೋನಿಯಾಕ್ಕೆ ಬಲಿಯಾದರು. ಆಗ ಅಮೆರಿಕದ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ವಾಲ್ಟರ್ ಹ್ಯೂಸ್ ತಂಡ 160 ರೋಗಿಗಳ ಮೇಲೆ ಪರೀಕ್ಷೆ ಮಾಡಿತು. ಅರ್ಧ ಜನಕ್ಕೆ ಕೋಟ್ರೈಮಾಕ್ಸಜೋಲ್, ಇನ್ನರ್ಧಕ್ಕೆ ಔಷಧಿಯಿಲ್ಲದ ಮಾತ್ರೆ. ಫಲಿತಾಂಶ ಬಂದದ್ದು 1977ರಲ್ಲಿ: ಔಷಧಿಯಿಲ್ಲದ 80 ಜನರಲ್ಲಿ 17 ಮಂದಿಗೆ ನ್ಯುಮೋನಿಯಾ, ಔಷಧಿ ಪಡೆದ 80 ಜನರಲ್ಲಿ ಒಬ್ಬರಿಗೂ ಇಲ್ಲ. ವಾರಕ್ಕೆ ಮೂರು ದಿನ ಕೊಟ್ಟರೂ ಸಾಕು ಅಂತ 1987ರಲ್ಲಿ ಅವರದೇ ತಂಡ ತೋರಿಸಿತು. ನಮ್ಮನೆ ಪೆನ್ಸಿಲ್ ಸುತ್ತುಗಳ ಮೂಲ ಅದು.

ಇನ್ನೊಂದು ತಮಾಷೆ ಕೇಳಿ. ಅಷ್ಟು ವರ್ಷ ಪರಾವಲಂಬಿ ಅಂದುಕೊಂಡಿದ್ದ ಈ ಜೀವಿ ನಿಜಕ್ಕೂ ಶಿಲೀಂಧ್ರದ ಜಾತಿಯದ್ದು ಅಂತ 1988ರಲ್ಲಿ ಆರ್‌ಎನ್‌ಎ ಪರೀಕ್ಷೆ ಹೇಳಿತು. ಆದರೂ ಮಾಮೂಲಿ ಶಿಲೀಂಧ್ರ ಔಷಧಿಗಳು ಇದರ ಮೇಲೆ ಅಷ್ಟಾಗಿ ನಾಟಲ್ಲ. ಹಳೆಯ ಮಾತ್ರೆಯೇ ಗತಿ.

ಅಷ್ಟರಲ್ಲಿ ಎಚ್‌ಐವಿ ಬಂದಿತ್ತು. 1981ರಲ್ಲಿ ಲಾಸ್ ಏಂಜಲಿಸ್‌ನ ಐವರು ಯುವಕರಲ್ಲಿ ಕಂಡ ಇದೇ ನ್ಯುಮೋನಿಯಾ ಏಡ್ಸ್‌ನ ಮೊದಲ ಸುಳಿವು. 2004ರಲ್ಲಿ ಜಾಂಬಿಯಾದಿಂದ ವರದಿ ಬಂತು: ಎಚ್‌ಐವಿ ಇರುವ ಮಕ್ಕಳಿಗೆ ಇದೇ ಅಗ್ಗದ ಔಷಧಿ ಕೊಟ್ಟಾಗ ಸಾವು 43% ಇಳಿದಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಭಾರತ ಸರ್ಕಾರ ಉಚಿತ ಎಚ್‌ಐವಿ ಚಿಕಿತ್ಸೆ ಆರಂಭಿಸಿತು. ಮೊದಲ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಇಷ್ಟನ್ನೂ ಅಜ್ಜಿಗೆ ಹೇಳಿದೆ. ಅವಳಿಗೆ ಹೆಸರುಗಳು ಬೇಕಿರಲಿಲ್ಲ, ಆದರೆ ಎಂಬತ್ತರಲ್ಲಿ ಹದಿನೇಳು ಅಂದಾಗ ಸುಮ್ಮನಾದಳು. ಕೆಮ್ಮಿಲ್ಲ ಅನ್ನೋದೇ ಮಾತ್ರೆ ಕೆಲಸ ಮಾಡ್ತಿದೆ ಅನ್ನೋದಕ್ಕೆ ಲಕ್ಷಣ ಅಂದೆ. ನಿಮ್ಮ ಮನೇಲೂ ಇಂಥ ಮಗು ಇದ್ರೆ, "ಚೆನ್ನಾಗಿದಾನಲ್ಲ" ಅಂತ ನೀವಾಗೇ ನಿಲ್ಲಿಸಬೇಡಿ, ಡಾಕ್ಟರನ್ನ ಕೇಳಿ. ಈಗ ಸೋಮವಾರ ಬೆಳಿಗ್ಗೆ ನೀರಿನ ಲೋಟ ಹಿಡಿದು ಅವನನ್ನ ಕರೆಯೋದು ಅಜ್ಜಿಯೇ.