ತೆಳುಪೊರೆಯ ಕಣ್ಣು

ಅರಳಗುಪ್ಪೆಯ ಸುತ್ತಿನ ತೆಂಗಿನ ಸೀಮೆಯವರು ಬಲ್ಲ ಸಂಗತಿಯೊಂದಿದೆ. ಕಾಯಿಗೆ ಕಣ್ಣು ಮೂರಾದರೂ ಮೊಳಕೆ ಹೊರಡುವುದು ಮೆತ್ತನೆಯ ಒಂದರಿಂದ ಮಾತ್ರ. ಡಿ.ಎನ್.ಎ. ಎಳೆಯನ್ನು ಹಾಯಿಸಲು ವಿಜ್ಞಾನಿಗಳು ಕೊರೆದ ಕಣ್ಣಿನ ಚರಿತ್ರೆಯೂ ಬಹುಮಟ್ಟಿಗೆ ಪೊರೆಯ ಚರಿತ್ರೆಯೇ ಆಗಿದೆ.

ಮೂಲ ಉಪಾಯ ಸರಳವಾದುದು. ಉಪ್ಪುನೀರಿನ ಎರಡು ಪಾತ್ರೆಗಳ ನಡುವಣ ಸಣ್ಣ ರಂಧ್ರದಲ್ಲಿ ವಿದ್ಯುತ್ತು ಹರಿಯುತ್ತಿರಲಿ. ಕಣವೊಂದು ತೂರಿಹೋದಾಗ ಪ್ರವಾಹ ಕ್ಷಣಕಾಲ ಕುಗ್ಗುತ್ತದೆ. ರಕ್ತಕಣಗಳನ್ನು ಎಣಿಸಲು ನೆರವಾದ ಈ ಉಪಾಯಕ್ಕೆ ಅಮೆರಿಕದ ವಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದರು. ಇಂಥ ರಂಧ್ರದಿಂದ ಡಿ.ಎನ್.ಎ. ಅಕ್ಷರಗಳನ್ನೇ ಓದಬಹುದೆಂದು ಡೇವಿಡ್ ಡೀಮರ್ 1989ರಲ್ಲಿ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಗೀಚಿಕೊಂಡರು. 1996ರಲ್ಲಿ ಅವರೂ ಸಂಗಡಿಗರೂ ಬ್ಯಾಕ್ಟೀರಿಯದ ಪ್ರೋಟೀನು ರಂಧ್ರವೊಂದರಲ್ಲಿ ಎಳೆಯನ್ನು ಹಾಯಿಸಿ ತೋರಿಸಿದರು.

2001ರಲ್ಲಿ ಹಾರ್ವರ್ಡಿನವರು ಸಿಲಿಕಾನ್ ನೈಟ್ರೈಡಿನ ಗಟ್ಟಿ ಪೊರೆಯಲ್ಲಿ ರಂಧ್ರ ಮಾಡಿದರು. ಆದರೆ ಡಿ.ಎನ್.ಎ. ಅಕ್ಷರಗಳ ನಡುವಣ ಅಂತರ 0.34 ನ್ಯಾನೊಮೀಟರು. ಪೊರೆ 30 ನ್ಯಾನೊಮೀಟರು ದಪ್ಪವಿದ್ದರೆ ಸುಮಾರು 90 ಅಕ್ಷರಗಳು ಒಮ್ಮೆಗೇ ರಂಧ್ರದೊಳಗಿರುತ್ತವೆ. ಇಡೀ ಸಾಲನ್ನು ಒಂದೇ ಅಕ್ಷರವಾಗಿ ಓದಬೇಕಾದ ಪಾಡು! 2010ರಲ್ಲಿ ಹಾರ್ವರ್ಡ್, ಡೆಲ್ಫ್ಟ್, ಪೆನ್ಸಿಲ್ವೇನಿಯಗಳ ಮೂರು ತಂಡಗಳು ಒಂದೇ ಪರಮಾಣುವಿನಷ್ಟು ತೆಳುವಾಗಬಲ್ಲ ಗ್ರಾಫೀನಿಗೆ ಮೊರೆಹೋದವು. ಅದರ ಒಂದು ಪದರದ ದಪ್ಪವೂ ಹೆಚ್ಚುಕಡಿಮೆ 0.34 ನ್ಯಾನೊಮೀಟರೇ.

ಹಿಗ್ಗಿದವರಿಗೆ ಕೊಳೆ ಅಡ್ಡಬಂದಿತು. ತಾಮ್ರದ ತಗಡಿನ ಮೇಲೆ ಬೆಳೆಸಿದ ಗ್ರಾಫೀನಿಗೆ ಪ್ಲಾಸ್ಟಿಕ್ಕಿನ ಲೇಪ ಕೊಟ್ಟು, ತಾಮ್ರವನ್ನು ಕರಗಿಸಿ, ಹಾಳೆಯನ್ನು ಆಧಾರದ ಮೇಲೆ ಹಾಸಿ, ಬಳಿಕ ಲೇಪವನ್ನು ತೊಳೆಯುತ್ತಾರೆ. ಅದು ಪೂರ್ತಿ ಹೋಗುವುದಿಲ್ಲ. ಉಳಿದ ಜಿಡ್ಡು ಗ್ರಾಫೀನಿಗಿಂತ ದಪ್ಪವಾಗಿರುವುದೂ ಉಂಟು. ಎಲೆಕ್ಟ್ರಾನ್ ಕಿರಣದಿಂದ ಕೊರೆಯುವಾಗ ಇಂಗಾಲದ ಕೊಳೆ ಕಿರಣದೆಡೆಗೆ ಸರಿದುಬಂದು ಆಗತಾನೆ ಕೊರೆದ ತೂತನ್ನೇ ಮುಚ್ಚುತ್ತದೆ. ಆದ್ದರಿಂದ ಹಾಳೆಯನ್ನು ಕಾಯಿಸಿ ಶುದ್ಧಿಗೊಳಿಸಬೇಕು. ಸಿಲಿಕಾನ್ ನೈಟ್ರೈಡಾದರೋ ಗಂಧಕಾಮ್ಲ, ಹೈಡ್ರೋಜನ್ ಪೆರಾಕ್ಸೈಡುಗಳ ಉಗ್ರಸ್ನಾನವನ್ನು ತಾಳಬಲ್ಲುದು. ಪರಮಾಣುವಿನಷ್ಟು ತೆಳುವಾದ ಹಾಳೆಗೆ ಆ ಉಪಚಾರ ಮಾಡಲು ಯಾರಿಗೆ ತಾನೆ ಧೈರ್ಯ ಬಂದೀತು? ಇಷ್ಟಾದರೂ ನೀರು ರಂಧ್ರವನ್ನು ಹೊಗಲೊಲ್ಲದು. ಮೊದಲು ಮದ್ಯಸಾರದಿಂದ ತೋಯಿಸುವುದು ವಾಡಿಕೆ.

ಇದೆಲ್ಲ ಬರಿಯ ಮಡಿವಂತಿಕೆಯಲ್ಲ. ರಂಧ್ರಕ್ಕೆ ಅಂಟಿದ ಕೊಳೆಯೂ ಪ್ರವಾಹವನ್ನು ಕುಗ್ಗಿಸುತ್ತದೆ, ಹಾಯುವ ಡಿ.ಎನ್.ಎ.ಯೂ ಕುಗ್ಗಿಸುತ್ತದೆ. ತೊಳೆಯದವನು ಕೊಳೆಯನ್ನೇ ಓದಿ ಜೀವದ ಬರಹವೆಂದು ಪ್ರಕಟಿಸಿಯಾನು. ಪ್ರಬಂಧಗಳಲ್ಲಿ ಈ ತೊಳೆಯುವ ಕೆಲಸಕ್ಕೆ ಸಿಗುವುದು ಎರಡೋ ಮೂರೋ ಸಾಲು. ಇದು ನನಗೆ ಅನ್ಯಾಯವಾಗಿ ತೋರುತ್ತದೆ.

2014ರಲ್ಲಿ ಸಂಶೋಧಕರ ಕೈಸೇರಿದ, ಅಂಗೈಯಲ್ಲಿ ಹಿಡಿಯಬಹುದಾದ ಡಿ.ಎನ್.ಎ. ಓದುವ ಯಂತ್ರದಲ್ಲಿದ್ದುದು ಪ್ರೋಟೀನು ರಂಧ್ರವೇ. ಗಟ್ಟಿ ತೆಳುಪೊರೆಗಳ ಕೆಲಸ ಪ್ರಯೋಗಶಾಲೆಗಳಲ್ಲಿ ಸಾಗಿದೆ. ನ್ಯಾನೊ ರಂಧ್ರಗಳ ಸಂಶೋಧನೆ ನಡೆದಿರುವ ಎಡೆಗಳಲ್ಲಿ, 2010ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ನ್ಯಾನೊ ವಿಜ್ಞಾನ ಕೇಂದ್ರವೂ ಒಂದು.