ಗಾಳಕ್ಕೆ ಕಣ್ಣು ಬಂದ ಕಥೆ

ಹಾಲ್ ಮತ್ತು ನೈಟ್ ಬರೆದ ಬೀಜಗಣಿತದ ಪುಸ್ತಕ ಹಿಡಿದು ತಲೆ ಕೆರೆದುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಆ ಜೋಡಿಯ ಹೆನ್ರಿ ಸಿಂಕ್ಲೇರ್ ಹಾಲ್ ಅವರಿಗೆ ಲೆಕ್ಕದಷ್ಟೇ ಗಾಳದ ಹುಚ್ಚೂ ಇತ್ತೆಂಬುದು ಹೆಚ್ಚಿನವರಿಗೆ ತಿಳಿಯದು. ಇಂದು ಒಂದು ಗಾಳ ಬಿಚ್ಚಿ ಇನ್ನೊಂದನ್ನು ಕಟ್ಟುವ ಕೆಲಸ ಒಂದು ನಿಮಿಷದೊಳಗೆ ಮುಗಿಯುತ್ತದೆ ಎಂದರೆ, ಅದರಲ್ಲಿ ಈ ಮೇಷ್ಟ್ರ ಪಾಲೂ ಇದೆ.

ಗಾಳ ಬದಲಿಸುವುದು ಅಂಥ ದೊಡ್ಡ ಸಂಗತಿಯೇ ಎಂದು ಕೇಳಬಹುದು. ಮೀನು ಎಷ್ಟು ಆಳದಲ್ಲಿದೆ, ಯಾವುದಕ್ಕೆ ಬಾಯಿ ಹಾಕುತ್ತದೆ ಎಂಬುದು ಗಳಿಗೆಗೊಮ್ಮೆ ಬದಲಾಗುತ್ತದೆ. ಸೀಸದ ತಲೆ ಹೊತ್ತ ‘ಜಿಗ್’ ಎಂಬ ಗಾಳದಲ್ಲಂತೂ ತೂಕವೇ ಮುಖ್ಯ. ಹಗುರಾದರೆ ತಳ ಮುಟ್ಟದು, ಭಾರವಾದರೆ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಬದಲಿಸಲು ಹೊತ್ತಾದರೆ ಮೀನಿನ ಹಿಂಡು ಮುಂದೆ ಹೋಗಿರುತ್ತದೆ.

ಹತ್ತೊಂಬತ್ತನೆಯ ಶತಮಾನದ ಬಹುಭಾಗ ಇಂಗ್ಲೆಂಡಿನ ಸಣ್ಣ ಗಾಳಗಳಿಗೆ ದಾರ ಪೋಣಿಸುವ ಕಣ್ಣೇ ಇರುತ್ತಿರಲಿಲ್ಲ. ಗಾಳದ ದಂಟಿಗೆ ‘ಗಟ್’ ಎಂಬ ಎಳೆಯನ್ನು ನೂಲಿನಿಂದ ಸುತ್ತಿ ಬಿಗಿಯುತ್ತಿದ್ದರು. ಈ ಗಟ್ ನಮಗೆ ಅಪರಿಚಿತ ವಸ್ತುವಲ್ಲ. ರೇಷ್ಮೆ ಹುಳು ಗೂಡು ಕಟ್ಟುವ ಮೊದಲೇ ಅದರ ರೇಷ್ಮೆ ಗ್ರಂಥಿಯನ್ನು ತೆಗೆದು, ಎಳೆದು ಒಣಗಿಸಿದ ತಂತಿ ಅದು. ಸ್ಪೇನಿನ ಮುರ್ಸಿಯಾ ಪ್ರದೇಶ ಇದಕ್ಕೆ ಹೆಸರಾಗಿತ್ತು. ಗಟ್ಟಿನ ಇನ್ನೊಂದು ತುದಿಯ ಕುಣಿಕೆಯನ್ನು ದಾರದ ಕುಣಿಕೆಗೆ ಸಿಕ್ಕಿಸಿದರೆ ಗಾಳ ಸಿದ್ಧ. ಬದಲಿಸುವುದೇನೋ ಸುಲಭ. ಆದರೆ ದಂಟಿನ ಬಳಿ ಗಟ್ ಸವೆದರೆ, ಚೂಪು ಮಾಸದ ಗಾಳವನ್ನೂ ಎಸೆಯಬೇಕಿತ್ತು. ಅದನ್ನು ಗಮನಿಸದಿದ್ದರೆ ಮೀನೂ ಹೋಯಿತು, ಗಾಳವೂ ಹೋಯಿತು.

ಕಣ್ಣುಳ್ಳ ಗಾಳ ರೋಮನ್ನರ ಕಾಲಕ್ಕೂ ಗೊತ್ತಿತ್ತು. ಆದರೆ ಕಣ್ಣಿದ್ದೂ ಹಗುರಾದ, ಹದವಾದ ಸಣ್ಣ ಗಾಳವನ್ನು ಬಳಕೆಗೆ ತಂದವರು ಹಾಲ್ ಮತ್ತು ಅವರ ಗೆಳೆಯ ಜಾರ್ಜ್ ಬ್ಯಾಂಕಾರ್ಟ್. ಅದು 1879ರ ಸುಮಾರಿನ ಮಾತು. ಈಗ ಸವೆದ ತುದಿ ಕತ್ತರಿಸಿ, ಅದೇ ಗಾಳವನ್ನು ಮತ್ತೆ ಕಟ್ಟಬಹುದಾಯಿತು. ಅದಕ್ಕೆ ತಕ್ಕ ಗಂಟೂ ಬೇಕಲ್ಲ? 1880ರ ದಶಕದಲ್ಲಿ ಮೇಜರ್ ಟರ್ಲ್ ಅವರ ಹೆಸರಿನ ಗಂಟು ಪ್ರಸಿದ್ಧವಾಯಿತು. ಕಣ್ಣಿನಲ್ಲಿ ಎಳೆ ತೂರಿಸಿ, ಕುಣಿಕೆಯನ್ನು ಗಾಳದ ಕುತ್ತಿಗೆಗೆ ಬಿಗಿಯುವುದು ಇದರ ಕ್ರಮ. ಒಣ ಗಟ್ ಪಟ್ಟನೆ ಮುರಿಯುತ್ತಿದ್ದುದರಿಂದ ಮೊದಲು ನೆನೆಸುವ ತಾಪತ್ರಯ ಮಾತ್ರ ಉಳಿಯಿತು.

ಅಮೆರಿಕದ ಡುಪಾಂಟ್ ಕಂಪನಿ 1938ರಲ್ಲಿ ಪ್ರಕಟಿಸಿದ ನೈಲಾನ್ ಆ ತಾಪತ್ರಯವನ್ನೂ ಕಳೆಯಿತು. ಹೊಸ ಎಳೆಗೆ ಹೊಸ ಗುಣ: ಜಾರುವುದು. ಹಳೆಯ ಗಂಟುಗಳು ಸಡಿಲಗೊಂಡವು. ಆದ್ದರಿಂದ ದಾರವನ್ನು ತನ್ನ ಮೇಲೆಯೇ ನಾಲ್ಕೈದು ಸುತ್ತು ಸುತ್ತಿ, ಎಂಜಲಿನಿಂದ ಒದ್ದೆ ಮಾಡಿ ಬಿಗಿಯುವ ಗಂಟುಗಳು ಬಳಕೆಗೆ ಬಂದವು.

ಗಂಟೇ ಬೇಡವೆನ್ನುವವರಿಗೆ ತಂತಿಯ ಕೊಂಡಿಯಿದೆ. ಬಳೆಗೆ ಸಿಕ್ಕಿಸಿಕೊಳ್ಳುವ ಪಿನ್ನಿನಂತೆಯೇ ಇದರ ರಚನೆ. ಆ ಪಿನ್ನಿಗೆ 1849ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ವಾಲ್ಟರ್ ಹಂಟ್, ಹಕ್ಕನ್ನು ಬರೀ 400 ಡಾಲರಿಗೆ ಮಾರಿಬಿಟ್ಟಿದ್ದರು. ದಾರದ ತುದಿಗೆ ಕೊಂಡಿ ಒಮ್ಮೆ ಕಟ್ಟಿದರಾಯಿತು. ಒತ್ತಿ ತೆರೆದು ಜಿಗ್ ಬದಲಿಸಿ, ಮತ್ತೆ ಮುಚ್ಚಬಹುದು.

ಆದರೆ ಅವಸರಕ್ಕೂ ಬೆಲೆಯುಂಟು. ದೊಡ್ಡ ಮೀನು ಜಗ್ಗಿದಾಗ ತೆಳು ಕೊಂಡಿ ಬಾಯಿ ಬಿಡಬಹುದು. ಪುಟ್ಟ ಜಿಗ್ಗಿಗೆ ಕೊಂಡಿಯೇ ಹೊರೆಯಾಗಿ ಅದರ ಕುಣಿತ ಕೆಡಬಹುದು. ಮೀನು ಮಾರಿ ಅಂದಿನ ಅಕ್ಕಿ ತರುವವನಿಗೆ ಇದು ಆಟದ ಮಾತಲ್ಲ. ತಪ್ಪಿಸಿಕೊಂಡ ಮೀನಿಗೂ ಅಷ್ಟೆ, ಬಾಯಲ್ಲಿ ಚುಚ್ಚಿದ ಗಾಳವನ್ನು ಹೊತ್ತೇ ಅದು ತಿರುಗಬೇಕು. ಅದಕ್ಕೇ ಹಲವರು ಇಂದಿಗೂ ಕೊಂಡಿಯನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಹಾಲ್ ಮೇಷ್ಟ್ರು ತೆರೆದ ಕಣ್ಣಿಗೆ ದಾರ ಪೋಣಿಸುತ್ತಾರೆ.